ಹಳೇ ಲಂಗರುಗಳ ಮೇಲೆ ನಂಗಿರೋ ಪ್ರೀತಿ

ಲಂಗರು ಅಂದ ತಕ್ಷಣ ಕಣ್ಮುಂದೆ ಬರೋದು ಉದ್ದ ಕಂಬಿ, ಕೆಳಗೆ ಎರಡು ಕೊಕ್ಕೆ, ಮೇಲೊಂದು ಅಡ್ಡಕಂಬಿ ಇರೋ ಚಿತ್ರ ಅಲ್ವಾ, ಹಳೇ ಮರದ ಯಾಟ್‌ಗಳಲ್ಲಿ, ಅಂದ್ರೆ ಹಾಯಿದೋಣಿಗಳಲ್ಲಿ, ಇರೋ ಫಿಶರ್‌ಮನ್ ಲಂಗರು ಅದೇನೇ. ಆದ್ರೆ ಚಿತ್ರದಲ್ಲಿ ಕಾಣದ ವಿಷ್ಯ ಏನಂದ್ರೆ ಆ ಅಡ್ಡಕಂಬಿ ಕೊಕ್ಕೆಗಳ ದಿಕ್ಕಲ್ಲಿರಲ್ಲ, 90 ಡಿಗ್ರಿ ತಿರುಗಿರುತ್ತೆ. ಚೈನ್ ಎಳೆದಾಗ ಅಡ್ಡಕಂಬಿ ಸಮುದ್ರದ ತಳದಲ್ಲಿ ಅಡ್ಡ ಮಲಗುತ್ತೆ, ಆಗ ಒಂದು ಕೊಕ್ಕೆ ನೇರ ನೆಲಕ್ಕೆ ಚುಚ್ಕೊಳ್ಳುತ್ತೆ, ಎಂಥ ಚೆಂದದ ಯೋಚನೆ! ಕಲ್ಲು, ಕಡಲಕಳೆ ಇರೋ ಕಡೆ ಇದು ಇವತ್ತಿಗೂ ಚೆನ್ನಾಗಿ ಹಿಡಿಯುತ್ತೆ.

ತೊಂದ್ರೆ ಇರೋದು ಇನ್ನೊಂದು ಕೊಕ್ಕೆಯಲ್ಲಿ. ಅದು ಮೇಲಕ್ಕೆ ನಿಂತಿರುತ್ತೆ, ಉಬ್ಬರವಿಳಿತ ತಿರುಗಿ ದೋಣಿ ಸುತ್ತಿದ್ರೆ ಚೈನ್ ಅದಕ್ಕೇ ಸುತ್ಕೊಂಡು ಲಂಗರು ಕಿತ್ಕೊಂಡು ಬಂದ್ಬಿಡುತ್ತೆ. ಅಮೆರಿಕದ ರೋಡ್ ಐಲೆಂಡ್‌ನ ಯಾಟ್ ಡಿಸೈನರ್ ನಥಾನಿಯಲ್ ಹೆರೆಶಾಫ್ ಹೆಸರಿನ ಲಂಗರಲ್ಲಿ ಕೊಕ್ಕೆ ತುದಿಗಳು ವಜ್ರದ ಆಕಾರದಲ್ಲಿವೆ, ಚೈನ್ ಜಾರಿ ಹೋಗ್ಲಿ ಅಂತ, ಜೊತೆಗೆ ಮೂರು ತುಂಡಾಗಿ ಬಿಚ್ಚಿ ಡೆಕ್ ಕೆಳಗೆ ಇಟ್ಕೋಬಹುದು.

1933ರಲ್ಲಿ ಭೌತವಿಜ್ಞಾನಿ ಜಿ.ಐ. ಟೇಲರ್ ನೇಗಿಲಿನ ಆಕಾರದ ಸಿಕ್ಯೂಆರ್ ಅನ್ನೋ ಲಂಗರು ತಂದ್ರು, ಅದಕ್ಕೆ ಅಡ್ಡಕಂಬಿನೇ ಬೇಡ, ಮರಳಲ್ಲಿ ಆಳಕ್ಕೆ ಹೂತ್ಕೊಳ್ಳುತ್ತೆ. ಅದೂ ಈಗ ಹಳೇದೇ ಆಗ್ಬಿಟ್ಟಿದೆ, ಆದ್ರೂ ಮರದ ಯಾಟ್ ಮುಂದೆ ನಂಗೆ ಚೆಂದ ಕಾಣೋದು ಫಿಶರ್‌ಮನ್ನೇ.