ಥ್ರೆಡ್ ಅದೇ, ಪಾನಾ ಅದೇ

"ಕೂತ್ಕೊಳ್ತದೆ ಮಾರಾಯ್ರೆ, ತಕೊಂಡು ಹೋಗಿ."

ಅಂಗಡಿಯವರ ಈ ಮಾತು ಈ ವಾರ ಪೂರ್ತಿ ತಲೆಯಲ್ಲಿ ಗುಂಯ್‌ಗುಡುತ್ತಿದೆ. ನಮ್ಮ ಮೀನಿನ ದೋಣಿಯ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್, ಅಂದರೆ ಒಳಗೆ ಕಿಡಿ ಹೊತ್ತಿಸುವ ಸಾಮಾನು, ತರಲು ಹೋಗಿದ್ದೆ. ನಾನು ಕೇಳಿದ್ದು ಎನ್‌ಜಿಕೆ ಕಂಪನಿಯ ಬಿ7ಎಚ್‌ಎಸ್. ಅವರು ಗಾಜಿನ ಮೇಲೆ ಇಟ್ಟದ್ದು ಬಿ7ಇಎಸ್. ಭಾವ ಬಿಚ್ಚಿ ಕೊಟ್ಟ ಹಳೇ ಪ್ಲಗ್ ಜೇಬಿನಲ್ಲೇ ಇತ್ತು. ಮಸಿ ಹಿಡಿದು ಎಣ್ಣೆ ಜಿಗುಟು, ತುದಿಯ ಕಡ್ಡಿ ಸವೆದು ಮೊಂಡಾಗಿತ್ತು. ಆದರೂ ಬಿಳಿ ಪಿಂಗಾಣಿ ಮೇಲಿನ ಅಕ್ಷರ ಉಗುರಲ್ಲಿ ಕೆರೆದರೆ ಓದಲು ಬರುತ್ತಿತ್ತು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಹೊಸದು ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿತ್ತು.

"ಥ್ರೆಡ್ ಅದೇ, ಪಾನಾ ಅದೇ. ಕೂತ್ಕೊಳ್ತದೆ."

ಅವರು ಹೇಳಿದ್ದು ಸುಳ್ಳೂ ಅಲ್ಲ. ಎರಡೂ 14 ಮಿಲಿಮೀಟರ್ ಥ್ರೆಡ್. ಆದರೆ 'ಎಚ್' ಅಂದರೆ ಥ್ರೆಡ್ಡಿನ ಉದ್ದ 12.7 ಮಿಲಿಮೀಟರ್, 'ಇ' ಅಂದರೆ 19. ಆ ಆರು ಚಿಲ್ಲರೆ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಸಿಲಿಂಡರಿನ ಒಳಗೆ, ಪಿಸ್ಟನ್ ಮೇಲೆ ಬರುವ ಜಾಗಕ್ಕೇ. ಭಾವನಿಗೆ ಫೋನ್ ಮಾಡಿದೆ. ಬಲೆ ತುಂಬಾ ಮೀನು ಬಂದ ದಿನವೂ ನಾಲ್ಕು ಮಾತಾಡದ ಜನ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಕೂತ್ಕೊಳ್ತದೆ. ಪಿಸ್ಟನ್ ಎಲ್ಲಿ ಕೂತ್ಕೊಳ್ಳೂದು ಅಂತ ಕೇಳು" ಅಂದ.

ಕೇಳಿದೆ. ಅಂಗಡಿಯವರು ನಕ್ಕರು. ಕೆಟ್ಟ ಮನುಷ್ಯರಲ್ಲ, ಸಾಲ ಬರೆದುಕೊಂಡು ಮರೆತುಬಿಡುವಷ್ಟು ಒಳ್ಳೆಯವರು. ಆದರೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವ ಹಟ ಅವರಿಗೆ. ಮತ್ತೆ ಒಳಗೆ ಹೋಗಿ ಬಿ8ಎಚ್‌ಎಸ್ ತಂದರು. "ಇದು ಉದ್ದ ಸರಿ ಉಂಟು. ಏಳಕ್ಕಿಂತ ಎಂಟು ಪವರ್ ಜಾಸ್ತಿ."

ಪವರ್ ಅಲ್ಲ ಸ್ವಾಮಿ. ಎನ್‌ಜಿಕೆಯಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಣ್ಣಗೆ, ಅಂದರೆ ಶಾಖವನ್ನು ಬೇಗ ಎಂಜಿನ್ನಿನ ಹೆಡ್ಡಿಗೆ ಬಿಟ್ಟುಕೊಡುತ್ತದೆ. ಬಾಷ್, ಚಾಂಪಿಯನ್ ಕಂಪನಿಯ ಪ್ಲಗ್‌ಗಳಲ್ಲಿ ಲೆಕ್ಕ ಪೂರ್ತಿ ಉಲ್ಟಾ. ನಮ್ಮ ದೋಣಿಗೆ ತಣ್ಣಗಿನ ಪ್ಲಗ್ ಹಾಕಿದರೆ ಕಥೆ ಮುಗಿಯಿತು. ನಾಡದೋಣಿಯ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುತ್ತದೆ. ಬಲೆ ಬಿಡುವಾಗ ಗಂಟೆಗಟ್ಟಲೆ ನಿಧಾನ ಓಟ. ಸೀಮೆಎಣ್ಣೆ ಪೂರ್ತಿ ಉರಿಯುವುದಿಲ್ಲ, ಜೊತೆಗೆ ಟೂ ಸ್ಟ್ರೋಕ್ ಆಯಿಲ್. ಪ್ಲಗ್ ಅಷ್ಟು ಬಿಸಿಯಾಗದಿದ್ದರೆ ಮಸಿ ಸುಟ್ಟು ಹೋಗುವುದಿಲ್ಲ, ಕಿಡಿ ಸಾಯುತ್ತದೆ. ಹಾಗಂತ ತೀರಾ ಬಿಸಿಯದ್ದು ಹಾಕಿ ಫುಲ್ ರೇಸ್ ಕೊಟ್ಟರೆ ಪಿಸ್ಟನ್ನಿನ ತಲೆಯೇ ತೂತು. ಬಿಚ್ಚಿದ ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣ ಇದ್ದರೆ ನಂಬರ್ ಸರಿ ಉಂಟು ಅಂತ. ಇಷ್ಟನ್ನೂ ಭಾವ ಯಾವ ಪುಸ್ತಕ ಓದಿ ಕಲಿತದ್ದಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗ, ತುದಿಗೆ ದುಬಾರಿ ಲೋಹ ಇರುವ ಇರಿಡಿಯಮ್ ಪ್ಲಗ್ ಹಾಕಿಸಿ ಅಂದ. ಮೊಬೈಲಿನಲ್ಲಿ ವಿಡಿಯೋ ನೋಡಿ ತಯಾರಾದ ಮೆಕ್ಯಾನಿಕ್. ಸೀಮೆಎಣ್ಣೆಯ ಮಸಿಗೆ ಪ್ಲಗ್ಗಿನ ರೇಟು ಗೊತ್ತಾಗ್ತದಾ? ಅದೂ ಕಪ್ಪಾಗುತ್ತದೆ, ದುಡ್ಡು ಮಾತ್ರ ಜಾಸ್ತಿ.

ಸಿಟ್ಟು ಬಂದದ್ದು ಪ್ಲಗ್ ಸಿಗದ್ದಕ್ಕಲ್ಲ. ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳಿಗೆ ರಜೆ. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಕಡಲು ತೆರೆದಿರುತ್ತದೆ. ಅದೂ ಕಡಲು ಮನಸ್ಸು ಮಾಡಿದ ದಿನ. ಆಗ ಗಂಗೊಳ್ಳಿ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ತೆರೆ ಒಡೆಯುವ ಜಾಗದಲ್ಲೇ ಎಂಜಿನ್ ನಿಂತರೆ, ಹಗ್ಗ ಎಳೆದು ಎಳೆದು ಸ್ಟಾರ್ಟ್ ಮಾಡುವಷ್ಟು ಪುರುಸೊತ್ತು ಯಾರು ಕೊಡುತ್ತಾರೆ? "ಕೂತ್ಕೊಳ್ತದೆ" ಅಂದವರು ಆ ಹೊತ್ತಿಗೆ ದೋಣಿಯಲ್ಲಿ ಇರುವುದಿಲ್ಲ, ಅಲ್ವಾ?

ಇದೊಂದು ಪ್ಲಗ್ಗಿನ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಸೀಮೆಎಣ್ಣೆ ತಡವಾಗಿ ಬಂದರೂ ನಡೀತದೆ. ಲೈಫ್ ಜಾಕೆಟ್ ಹೆಗಲಿಗೆ ಸಡಿಲವಾದರೂ ನಡೀತದೆ. ಸಣ್ಣ ದೋಣಿಯವರಿಗೆ ಸಿಗುವುದೆಲ್ಲ ಇಂಥ ಹತ್ತಿರಹತ್ತಿರದ ಸಾಮಾನು. ಅವರೂ ತಗಾದೆ ಮಾಡದೆ ಒಯ್ಯುತ್ತಾರೆ. ಅರ್ಧ ದಿನ ಅಲೆದರೆ ಅರ್ಧ ದಿನದ ಮೀನು ಹೋಯಿತು. ನನಗೆ ತಿಂಗಳ ಸಂಬಳ ಇದೆ. ಹಾಗಾಗಿ ಕೌಂಟರಿನಲ್ಲಿ ನಿಂತು ಒಂದು ಅಕ್ಷರಕ್ಕೆ ಜಗಳ ಮಾಡುವ ಪುರುಸೊತ್ತೂ ಇದೆ.

ಸರಿಯಾದ ಪ್ಲಗ್ ಬೇರೆ ಅಂಗಡಿಯಲ್ಲಿ ಸಿಕ್ಕಿತು. ಎರಡು ಸಿಲಿಂಡರಿಗೆ ಎರಡು, ಡಬ್ಬಿಯಲ್ಲಿ ಇಟ್ಟುಕೊಳ್ಳಲು ಇನ್ನೆರಡು. ಭಾವ ಕೈಯಲ್ಲೇ ಕೊನೆ ತನಕ ತಿರುಗಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತು ಕೊಟ್ಟ. ಅಷ್ಟೇ, ಜಾಸ್ತಿ ಬಿಗಿಯಲಿಲ್ಲ. ಮೊದಲಿನ ಅಂಗಡಿಯವರು ನಿನ್ನೆ ಫೋನ್ ಮಾಡಿ, "ನೀವು ನಂಬರಿನ ಫೋಟೋ ಕಳಿಸಿ, ಸ್ಟಾಕ್ ತರಿಸಿ ಇಡುತ್ತೇನೆ" ಅಂದರು. ಕಳಿಸಿದ್ದೇನೆ, 'ಎಚ್' ಸುತ್ತ ಕೆಂಪು ಗೆರೆ ಎಳೆದು.