ಮದುವೆ ಕಾಗದದ ತೂತಿನಿಂದ ಬಿದ್ದ ಬಳೆಗಳು

2019ರ ಡಿಸೆಂಬರ್ 26ರ ಬೆಳಗ್ಗೆ, ಕಂಕಣ ಸೂರ್ಯಗ್ರಹಣದ ದಿನ, ನಾನು ಕಾಸರಗೋಡಿನ ಅಜ್ಜಿ ಮನೆಯಲ್ಲಿದ್ದೆ. ಅಂಗಳದ ತುಂಬ ಅಡಿಕೆ ಹರವಿತ್ತು. ಅಜ್ಜಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಮಿಂದು, ಚಾವಡಿಯಲ್ಲಿ ಜಪಕ್ಕೆ ಕೂತಿದ್ದರು. ನಾನು ಹಳೇ ಮದುವೆ ಕಾಗದವೊಂದಕ್ಕೆ ದಬ್ಬಣದಿಂದ ಹತ್ತು ತೂತು ಚುಚ್ಚಿ ಹೊರಗೆ ಬಂದೆ.

ಗ್ರಹಣದ ಸೂರ್ಯನನ್ನು ಬರಿಗಣ್ಣಲ್ಲಿ ನೋಡಲೇಬಾರದು. ಬೆನ್ನು ಹಾಕಿ ನಿಂತು ಕಾಗದ ಹಿಡಿದರೆ ಸಾಕು, ಒಂದೊಂದು ತೂತೂ ಗೋಡೆಯ ಮೇಲೆ ಸೂರ್ಯನ ಒಂದೊಂದು ಚಿತ್ರ ಬಿಡಿಸುತ್ತದೆ. ಎರಡು ಮೀಟರ್ ದೂರ ನಿಂತರೆ ಚಿತ್ರ ಹಳೇ ನಾಲ್ಕಾಣೆಯಷ್ಟಿರುತ್ತದೆ. ಎಂಟು ಗಂಟೆ ದಾಟಿದ ಮೇಲೆ ಆ ನಾಲ್ಕಾಣೆಗಳ ಅಂಚನ್ನು ಯಾರೋ ಕಚ್ಚಿದ ಹಾಗೆ ಕಂಡಿತು. ಒಂಬತ್ತು ದಾಟುವಾಗ ಎಲ್ಲವೂ ಕುಡುಗೋಲು. 9.25ರ ಸುಮಾರಿಗೆ ಸುಣ್ಣದ ಗೋಡೆಯ ಮೇಲೆ ಹತ್ತು ಬಳೆ! ಬಿಸಿಲು ತೆಳ್ಳಗಾಗಿ, ಅಡಿಕೆಯ ನೆರಳು ಚೂಪಾಗಿತ್ತು. ಕಂಕಣ ಅಂದರೆ ಬಳೆ ಅಲ್ವಾ, ಎಷ್ಟು ಸರಿಯಾದ ಹೆಸರು. ಮೂರು ನಿಮಿಷದ ಹತ್ತಿರ ಹಾಗೇ ಇದ್ದವು.

ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು 400 ಪಟ್ಟು ದೂರವೂ ಇದ್ದಾನೆ. ಅದಕ್ಕೇ ನಮ್ಮ ಕಣ್ಣಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆ. ಚಂದ್ರ ಹತ್ತಿರವಿದ್ದಾಗ ಅಡ್ಡ ಬಂದರೆ ಪೂರ್ತಿ ಮುಚ್ಚುತ್ತಾನೆ. 1980ರ ಫೆಬ್ರವರಿ 16ರಂದು ಹುಬ್ಬಳ್ಳಿ, ಗದಗ, ರಾಯಚೂರಿನ ಕಡೆ ಮಧ್ಯಾಹ್ನವೇ ಕತ್ತಲಾಗಿದ್ದು ಹಾಗೆ. ನಾವು ನೋಡಿದ ದಿನ ಅವನು ಅಷ್ಟು ಹತ್ತಿರವಿರಲಿಲ್ಲ, ಸೂರ್ಯನಿಗಿಂತ ನೂರಕ್ಕೆ ಮೂರು ಪಾಲಿನಷ್ಟು ಸಣ್ಣದಾಗಿ ಕಂಡ. ಉಳಿದ ಅಂಚೇ ಬಳೆ.

ಗ್ರಹಣ ಬಿಟ್ಟ ಮೇಲೆ ಅಜ್ಜಿ ಒಂದು ಪ್ರಶ್ನೆ ಕೇಳಿದರು. "ಅಮಾವಾಸ್ಯೆ ಅಂದ್ರೆ ಚಂದ್ರ ಸೂರ್ಯನ ಕಡೆಗೇ ಇರ್ತಾನಲ್ಲ. ಹಾಗಾದ್ರೆ ತಿಂಗಳು ತಿಂಗಳು ಗ್ರಹಣ ಯಾಕಿಲ್ಲ?"

ಅವರ ಕೈಯಿಂದಲೇ ಎರಡು ಬಳೆ ತೆಗೆಸಿದೆ. ಒಂದರೊಳಗೆ ಒಂದನ್ನು ಸ್ವಲ್ಪ ಓರೆಯಾಗಿ ಹಿಡಿದೆ. ಒಂದು ಆಕಾಶದಲ್ಲಿ ಸೂರ್ಯನ ದಾರಿ, ಇನ್ನೊಂದು ಚಂದ್ರನದು. ನಿಜವಾದ ಓರೆ ಬರೀ 5 ಡಿಗ್ರಿ. ಆದರೂ ಅಷ್ಟು ಸಾಕು, ಹೆಚ್ಚಿನ ಅಮಾವಾಸ್ಯೆಗಳಲ್ಲಿ ಚಂದ್ರ ಸೂರ್ಯನ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತಾನೆ. ಎರಡು ಬಳೆಗಳೂ ಸೇರುವುದು ಎರಡೇ ಕಡೆ. ಅಮಾವಾಸ್ಯೆ ಅದರ ಹತ್ತಿರ ಬಿದ್ದರೆ ಸೂರ್ಯಗ್ರಹಣ, ಹುಣ್ಣಿಮೆ ಬಿದ್ದರೆ ಚಂದ್ರಗ್ರಹಣ. ಪಂಚಾಂಗದವರು ಲೆಕ್ಕ ಹಾಕುವ ರಾಹು, ಕೇತು ಆ ಎರಡು ಜಾಗಗಳೇ.

ಅಜ್ಜಿ ಬಳೆಗಳನ್ನು ತಾವೇ ತಿರುಗಿಸಿ ನೋಡಿದರು. "ರಾಹು ಅಂದ್ರೆ ದಾರಿ ಕೂಡುವ ಜಾಗ" ಅಂದರು. ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣಕ್ಕೆ ಅವರೇ ಮೊದಲು ಅಂಗಳಕ್ಕೆ ಕುರ್ಚಿ ಹಾಕಿದರು. ಈ ಸಲ ಕಾಗದ ಬೇಡ, ಚಂದ್ರನನ್ನು ಸುಮ್ನೆ ನೋಡಬಹುದು. ರಾತ್ರಿ 11ರಿಂದ 82 ನಿಮಿಷ ಅವನು ಪೂರ್ತಿ ಭೂಮಿಯ ನೆರಳಲ್ಲಿದ್ದ. ಮೋಡ ಸರಿದಾಗೆಲ್ಲ ತಾಮ್ರದ ಚೆಂಬಿನ ಬಣ್ಣ. ಭೂಮಿಯ ಸುತ್ತಲಿನ ಗಾಳಿ ಸೂರ್ಯನ ಬೆಳಕಿನ ನೀಲಿಯನ್ನು ಚದುರಿಸಿ, ಉಳಿದ ಕೆಂಪನ್ನು ಬಾಗಿಸಿ ಅವನ ಮೇಲೆ ಚೆಲ್ಲುತ್ತದೆ ಅಂದೆ. "ಅಲ್ಲಿಗೆ ಬಿದ್ದದ್ದು ನಮ್ಮ ಸಂಜೆಯ ಬೆಳಕು" ಅಂದರು ಅಜ್ಜಿ.

ಒಂದೂವರೆಗೆ ಗ್ರಹಣ ಬಿಟ್ಟಿತು. ಅಜ್ಜಿ ಮಿಂದು ಬಂದು ನನಗೂ ನೀರು ಬಿಸಿ ಇದೆ ಅಂದರು.