ಹಡಗಿನಲ್ಲಿ ಅಮ್ಮನಿಗೆ ಸಿಕ್ಕಿದ ಗಂಜಿ

ಹೊರಡುವ ಒಂದು ತಿಂಗಳ ಮೊದಲಿನಿಂದ ಅಮ್ಮ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಹಡಗಿಲಿ ಎನಗೆ ಉಂಬಲೆ ಎಂತ ಇಕ್ಕು ಕೂಸೇ?" ನಮ್ಮ ಹವ್ಯಕ ಮಾತಿನಲ್ಲಿ, ಹಡಗಿನಲ್ಲಿ ನನಗೆ ಉಣ್ಣಲು ಏನಿರುತ್ತದೆ ಮಗಳೇ ಅಂತ.

ಸಿಂಗಾಪುರದಲ್ಲಿ ಕೆಲಸದಲ್ಲಿರುವ ತಮ್ಮ ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿದ್ದ. ಸಿಂಗಾಪುರದಿಂದ ಹೊರಟು ಮಲೇಶ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿ ವಾಪಸ್ ಬರುವುದು. ಒಟ್ಟು 4 ರಾತ್ರಿ. ಅಮ್ಮನಿಗೆ 72 ವರ್ಷ. ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮ ತೋಟದ ಮನೆ. ಮೀನು, ಮಾಂಸ, ಮೊಟ್ಟೆ ಮುಟ್ಟಿದವರಲ್ಲ. ಅಪ್ಪ ಹೋದ ಮೇಲೆ ಬೆಳ್ಳುಳ್ಳಿ, ನೀರುಳ್ಳಿಯನ್ನೂ ಬಿಟ್ಟಿದ್ದಾರೆ. ಕಡಲು ನೋಡಬೇಕು ಎಂಬ ಆಸೆ ಅವರಿಗೆ ತುಂಬಾ ಇತ್ತು. ಊಟದ ಹೆದರಿಕೆ ಅದಕ್ಕಿಂತ ಜಾಸ್ತಿ ಇತ್ತು.

ನಾನು ಹಡಗಿನ ನಿಯಮಗಳನ್ನೆಲ್ಲ ಮೊದಲೇ ಓದಿದ್ದೆ. ಮನೆಯಲ್ಲಿ ಮಾಡಿದ ತಿಂಡಿ ಒಳಗೆ ತರುವ ಹಾಗಿಲ್ಲ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಆದರೆ ಅಡ್ಡಿ ಇಲ್ಲ. ಕೆಟಲ್, ರೈಸ್ ಕುಕ್ಕರ್ ಯಾವುದೂ ಬೇಡ, ಸಿಕ್ಕಿದರೆ ತೆಗೆದಿಟ್ಟು ಇಳಿಯುವಾಗ ಕೊಡುತ್ತಾರೆ. ನಡುಕಡಲಿನಲ್ಲಿ ಬೆಂಕಿಯಷ್ಟು ದೊಡ್ಡ ಭಯ ಬೇರೆ ಇಲ್ಲ, ಅದಕ್ಕೇ ಆ ನಿಯಮ. ತಿಂಡಿಯ ವಿಷಯವೂ ಹಾಗೆಯೇ. ಹಡಗಿನಲ್ಲಿ ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ಎರಡು ದಿನದಲ್ಲಿ ನೂರು ಜನಕ್ಕೆ ಹರಡಬಹುದು. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಭರಣಿಯಿಂದ ತೆಗೆದಿಟ್ಟಿದ್ದ ಮಿಡಿ ಉಪ್ಪಿನಕಾಯಿಯನ್ನು ವಾಪಸ್ ಭರಣಿಗೇ ಹಾಕಿದರು. ಅವರ ಮುಖ ನೋಡಿ ನನಗೆ ಪಾಪ ಅನಿಸಿತು. ಬದಿಯಡ್ಕ ಪೇಟೆಗೆ ಹೋಗಿ ಸೀಲ್ ಇರುವ ಒಂದು ಪ್ಯಾಕೆಟ್ ಮಿಡಿ, ಒಂದು ಚಟ್ನಿಪುಡಿ ತಂದೆ. ಅಮ್ಮ ಸೀರೆಗಳ ನಡುವೆ ಒಂದು ಕಟ್ಟು ಹಲಸಿನ ಹಪ್ಪಳ ಇಟ್ಟುಕೊಂಡದ್ದು ನನಗೆ ಆಮೇಲೆ ಗೊತ್ತಾದದ್ದು.

ಮೊದಲ ದಿನ ಸಂಜೆ ಬಫೆಗೆ ಹೋದೆವು. ಉದ್ದಕ್ಕೆ ಕೌಂಟರ್‌ಗಳು, ಲೆಕ್ಕವಿಲ್ಲದಷ್ಟು ಬಗೆ. ತರಕಾರಿ ಮಾತ್ರ ಕಾಣುವ ನೂಡಲ್ಸ್ ಇತ್ತು. "ಇದರ್ಲಿ ಎಂತಾರೂ ಇದ್ದೋ ಕೇಳು" ಎಂದರು ಅಮ್ಮ. ಕೇಳಿದೆ. ಆಯ್‌ಸ್ಟರ್ ಸಾಸ್ ಇದೆ ಎಂದ ಹುಡುಗ. ಅಂದರೆ ಕಡಲ ಚಿಪ್ಪಿನ ಸಾರ. ಟೊಮೆಟೊ ಸೂಪಿಗೆ ಕೋಳಿ ಬೇಯಿಸಿದ ನೀರು. ಸಲಾಡಿನ ಮೇಲೆ ಸುರಿದ ಬಿಳಿ ಡ್ರೆಸ್ಸಿಂಗ್‌ನಲ್ಲಿ ಸಣ್ಣ ಮೀನು. ನೋಡಲು ಚಂದದ ಗುಲಾಬಿ ಬಣ್ಣದ ಸಿಹಿಗೆ ಜೆಲಾಟಿನ್, ಅದು ಪ್ರಾಣಿಗಳ ಎಲುಬು, ಚರ್ಮದಿಂದ ಆಗುವುದು. ಹುಡುಗ ಸಿಡುಕದೆ ಪ್ರತಿಯೊಂದನ್ನೂ ಸರಿಯಾಗಿ ಹೇಳಿದ. ಆದರೆ ಕೇಳಿ ಕೇಳಿ ಅಮ್ಮನಿಗೇ ಸಾಕಾಯಿತು. ಬುಕಿಂಗ್ ಮಾಡುವಾಗ ತಮ್ಮ 'ವೆಜಿಟೇರಿಯನ್' ಎಂದು ಗುರುತು ಹಾಕಿದ್ದ. ಅದರಿಂದ ಏನೂ ಆಗಿರಲಿಲ್ಲ ಅಂತ ನನಗೆ ಸಿಟ್ಟು ಬಂತು.

ಕೊನೆಗೆ ಅಮ್ಮ ತಗೊಂಡದ್ದು ಎರಡು ತುಂಡು ಬ್ರೆಡ್, ಒಂದು ಬಾಳೆಹಣ್ಣು, ಒಂದು ಕಪ್ ಸಪ್ಪೆ ಮೊಸರು. ಕಿಟಕಿಯ ಹತ್ತಿರ ಕೂತರು. ಮೊಸರನ್ನು ಲೋಟಕ್ಕೆ ಸುರಿದು, ನೀರು ಹಾಕಿ, ಚಮಚದಲ್ಲಿ ತುಂಬಾ ಹೊತ್ತು ಕಡೆದರು. ಮೇಜಿನ ಮೇಲಿದ್ದ ಉಪ್ಪಿನ ಚೀಟಿ ಹರಿದು ಉದುರಿಸಿದರು. ಎದ್ದು ಹೋಗಿ ಸಲಾಡ್ ಕೌಂಟರಿನಿಂದ ಒಂದು ಹಸಿಮೆಣಸು, ಒಂದು ನಿಂಬೆ ಹೋಳು ತಂದರು. ಮೆಣಸನ್ನು ಬೆರಳಲ್ಲೇ ಚೂರು ಮಾಡಿ ಹಾಕಿ, ನಿಂಬೆ ಹಿಂಡಿ, ಮತ್ತೊಮ್ಮೆ ತಿರುಗಿಸಿ ಒಂದು ಗುಟುಕು ಕುಡಿದರು. "ಮಜ್ಜಿಗೆ ಆತು" ಎಂದರು. ಹೊರಗೆ ಸಿಂಗಾಪುರದ ದೀಪಗಳು ದೂರ ಹೋಗುತ್ತಿದ್ದವು. 4 ದಿನ ಅಮ್ಮ ಹೀಗೇ ಇರಬೇಕಾ ಅಂತ ನನಗೆ ಗಂಟಲು ಕಟ್ಟಿತು.

ಮರುದಿನ ಪೆನಾಂಗ್. ಹಡಗು ನಿಲ್ಲುವುದು ಜಾರ್ಜ್‌ಟೌನ್ ಪೇಟೆಯ ಪಕ್ಕದಲ್ಲೇ. ನಿಧಾನ ನಡೆದರೂ ಕಾಲು ಗಂಟೆಯಲ್ಲಿ ಲಿಟಲ್ ಇಂಡಿಯಾ. ಅಲ್ಲಿ ಮಲ್ಲಿಗೆ ಮಾಲೆ, ತಮಿಳು ಹಾಡು, ಎಣ್ಣೆಯಲ್ಲಿ ವಡೆ ಬೇಯುವ ಪರಿಮಳ. 1833ರ ಮಾರಿಯಮ್ಮನ್ ದೇವಸ್ಥಾನಕ್ಕೆ ಕೈಮುಗಿದು ಬಾಳೆ ಎಲೆಯಲ್ಲಿ ಊಟ ಮಾಡಿದೆವು. ಅಮ್ಮ ಮಲಯಾಳದಲ್ಲಿ ಕೇಳಿದರು, ಬಡಿಸುವವರು ತಮಿಳಿನಲ್ಲಿ ಹೇಳಿದರು, ಇಬ್ಬರಿಗೂ ಅರ್ಥವಾಯಿತು. ಕಾಸರಗೋಡಿನಲ್ಲಿ ಹುಟ್ಟಿದರೆ ಇದೊಂದು ಅನುಕೂಲ. ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ, ಆಫೀಸಿನಲ್ಲಿ ಮಲಯಾಳ. ಸಪ್ತಭಾಷೆಯ ಊರು ಅಂತ ಸುಮ್ನೆ ಹೇಳುವುದಲ್ಲ.

ರಾತ್ರಿಗೆ ಬಫೆ ಬೇಡ, ಕೂತು ಉಣ್ಣುವ ಡೈನಿಂಗ್ ಹಾಲ್‌ಗೇ ಹೋಗೋಣ ಎಂದು ಅಮ್ಮನನ್ನು ಒಪ್ಪಿಸಿದೆ. ಅಲ್ಲಿ ಎಲ್ಲ ಕೆಲಸದವರ ಎದೆಯ ಮೇಲೂ ಹೆಸರಿನ ಪಟ್ಟಿ ಇರುತ್ತದೆ. ಹೆಸರಿನ ಕೆಳಗೆ ದೇಶದ ಹೆಸರು. ನಮ್ಮ ಮೇಜಿಗೆ ಬಂದ ಹೆಡ್ ವೇಯ್ಟರ್ ನಲವತ್ತರ ಆಸುಪಾಸಿನವರು. ಪಟ್ಟಿಯಲ್ಲಿ 'ಇಂಡಿಯಾ' ಎಂದಿತ್ತು. ಅಮ್ಮ ಅವರ ಮುಖವನ್ನೇ ನೋಡಿ, ಯಾಕೋ ಏನೋ, ಮಲಯಾಳದಲ್ಲಿ ಕೇಳಿಬಿಟ್ಟರು. "ನಾಟ್ಟಿಲ್ ಎವಿಡೆಯಾ ಮೋನೇ?" ಊರಲ್ಲಿ ಎಲ್ಲಿ ಮಗನೇ ಅಂತ.

ಅವರು ಕೈಯಲ್ಲಿದ್ದ ಮೆನು ಕೆಳಗಿಟ್ಟರು. "ಕಾಸರಗೋಡ್. ಪಾಲಕ್ಕುನ್ನ್."

ಅಮ್ಮ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. ಪಾಲಕ್ಕುನ್ನು ಎಂದರೆ ಚಂದ್ರಗಿರಿ ಹೊಳೆ ದಾಟಿ ಬೇಕಲಕ್ಕೆ ಹೋಗುವ ದಾರಿ. ಆ ಕರಾವಳಿಯ ಉದುಮ, ಕೋಟ್ಟಿಕುಳಂ ಕಡೆಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರ ಮನೆಗಳು ತುಂಬಾ ಇವೆ. ಅಪ್ಪ ಹೋದರೆ ಮಗ, ಅಣ್ಣ ಹೋದರೆ ತಮ್ಮ. ನಮ್ಮ ಕಡೆ ಅವರನ್ನು 'ಕಪ್ಪಲಿನವರು' ಎನ್ನುತ್ತೇವೆ. ಇಷ್ಟು ವರ್ಷ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದೇನೆ, ಆ ಮನೆಗಳ ಗೇಟಿನ ಮೇಲಿನ ಲಂಗರಿನ ಚಿತ್ರ ನೋಡಿದ್ದೇನೆ. ಆ ಕೆಲಸ ಹೇಗಿರುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

"ನಿಮ್ಮದು ಬದಿಯಡ್ಕ ಕಡೆಯಾ ಅಮ್ಮ? ಕನ್ನಡ ನನಗೆ ಸ್ವಲ್ಪ ಬರ್ತದೆ" ಎಂದರು. ನಿನ್ನೆ ಏನು ಉಂಡಿರಿ ಎಂದು ಕೇಳಿದರು. ಬ್ರೆಡ್ಡು, ಮಜ್ಜಿಗೆ ಎಂದಾಗ ಅವರ ಮುಖ ಸಣ್ಣದಾಯಿತು.

ಆಮೇಲೆ ನನಗೆ ಸಾವಧಾನದಲ್ಲಿ ವಿವರಿಸಿದರು. ಬುಕಿಂಗಿನಲ್ಲಿ ಹಾಕಿದ ಗುರುತು ಬರುವುದು ಈ ಡೈನಿಂಗ್ ಹಾಲ್‌ಗೆ, ಬಫೆಗೆ ಅಲ್ಲ. ಬಫೆ ಎಲ್ಲರಿಗೂ ಒಂದೇ. ಹಾಗಾಗಿ ಹತ್ತಿದ ಮೊದಲ ಸಂಜೆಯೇ ಹಾಲ್‌ಗೆ ಬಂದು ಹೆಡ್ ವೇಯ್ಟರನ್ನು ಕಾಣಬೇಕು. ಇವತ್ತಿನ ಊಟವನ್ನು ಇವತ್ತು ಕೇಳಿದರೆ ಮೆನುವಿನಲ್ಲಿ ಇದ್ದದ್ದರಲ್ಲೇ ಹೊಂದಿಸಬೇಕಾಗುತ್ತದೆ. ನಾಳೆಯದ್ದನ್ನು ಇವತ್ತು ರಾತ್ರಿ ಹೇಳಿದರೆ ಚೀಟಿ ಗ್ಯಾಲಿಗೆ, ಅಂದರೆ ಹಡಗಿನ ಅಡುಗೆಮನೆಗೆ ಹೋಗುತ್ತದೆ. ಸಾವಿರಾರು ಜನರ ಅಡುಗೆ ಅಲ್ವಾ, ಅಲ್ಲಿ ತರಕಾರಿ ಹೆಚ್ಚುವುದರಿಂದ ಹಿಡಿದು ಎಲ್ಲವೂ ಮೊದಲೇ ಲೆಕ್ಕ ಹಾಕಿ ನಡೆಯುತ್ತದೆ. ಕೊನೆಯ ಗಳಿಗೆಯಲ್ಲಿ ಒಂದು ಬಾಣಲೆ ಬೇರೆ ಇಡುವುದು ಕಷ್ಟ. ಹಿಂದಿನ ದಿನ ಗೊತ್ತಿದ್ದರೆ ಬೇರೆ ಬಾಣಲೆ, ಬೇರೆ ಸೌಟು ಎಲ್ಲ ಆಗುತ್ತದೆ.

ಇನ್ನೊಂದು ಮಾತು ಹೇಳಿದರು. ಅದು ನನಗೆ ತುಂಬಾ ಉಪಕಾರವಾಯಿತು. "ವೆಜಿಟೇರಿಯನ್ ಅಂತ ಮಾತ್ರ ಹೇಳಬೇಡಿ. ಅದರಲ್ಲಿ ಮೊಟ್ಟೆ ಬರ್ತದೆ. ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಬೇಡ ಅಂತ ಹೇಳಿ. ಅಮ್ಮನಿಗೆ ಜೈನ್ ಅಂತ ಬರೆಸಿ. ಒಂದೇ ಶಬ್ದದಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಎರಡೂ ಹೋಗ್ತದೆ." ಜೈನ್ ಊಟ ಎಂದರೆ ನೆಲದೊಳಗೆ ಬೆಳೆಯುವ ಬಟಾಟೆ, ಕ್ಯಾರೆಟ್ ಕೂಡ ಇರುವುದಿಲ್ಲ. ಬಟಾಟೆ ಆಗುತ್ತದೆ ಎಂದು ಅಮ್ಮ ಹೇಳಿದ್ದಕ್ಕೆ ಅದನ್ನೂ ಚೀಟಿಯಲ್ಲಿ ಬರೆದುಕೊಂಡರು.

ಆ ರಾತ್ರಿ ಇದ್ದದ್ದರಲ್ಲೇ ಅನ್ನ, ಬೇಯಿಸಿದ ತರಕಾರಿ, ಮೊಸರು ಹೊಂದಿಸಿ ಕೊಟ್ಟರು. ಏಳುವಾಗ ಅಮ್ಮ ಕೈಚೀಲದಿಂದ ಹಪ್ಪಳದ ಕಟ್ಟು ತೆಗೆದರು. ನಾನು ಅದನ್ನು ನೋಡಿದ್ದೇ ಆಗ. "ಇದನ್ನು ಸ್ವಲ್ಪ ಹೊರಿದು ಕೊಡಲು ಆಗುತ್ತದಾ?" ಅವರು ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು. ಹಲಸಿನ ಹಪ್ಪಳದ ಪರಿಮಳ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಆದರೆ ಹೊರಗಿನದ್ದು ಯಾವುದೂ ಗ್ಯಾಲಿಯೊಳಗೆ ಹೋಗುವ ಹಾಗಿಲ್ಲ. ಬಿಸಿ ಮಾಡಿಯೂ ಕೊಡುವ ಹಾಗಿಲ್ಲ. "ಬೇಜಾರು ಮಾಡಬೇಡಿ ಅಮ್ಮ" ಎಂದು ವಾಪಸ್ ಕೊಟ್ಟರು. "ನಾಳೆ ಬೆಳಿಗ್ಗೆ ಬಫೆಯಲ್ಲಿ ಗಂಜಿ ಉಂಟು. ಎರಡು ಪಾತ್ರೆ ಇರ್ತದೆ. ಒಂದರಲ್ಲಿ ಕೋಳಿ, ಇನ್ನೊಂದು ಪ್ಲೇನ್. ಪ್ಲೇನ್ ಕೂಡ ನೀರಲ್ಲೇ ಬೇಯಿಸಿದ್ದಾ ಅಂತ ಕೇಳಿ, ಆಮೇಲೆ ತಗೊಳ್ಳಿ."

ಗಂಜಿ! ಆ ದಿನ ಬೆಳಗಿನ ತಿಂಡಿಗೆ ಹೋದಾಗ ನಾವು ಆ ಪಾತ್ರೆಯ ಎದುರಿನಿಂದಲೇ ದಾಟಿ ಹೋಗಿದ್ದೆವು. 'ಕಾಂಜೀ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಚೀನೀ ತಿಂಡಿ ಏನೋ ಎಂದುಕೊಂಡಿದ್ದೆ. ಅಕ್ಕಿ ಬೇಯಿಸಿ ಕುಡಿಯುವ ಕ್ರಮ ಅವರದ್ದೂ ಹೌದು, ಹೆಸರು ಮಾತ್ರ ನಮ್ಮ ಕಡೆಯದ್ದು. ತಮಿಳಿನ ಕಂಜಿಯೇ ಪೋರ್ಚುಗೀಸರ ಬಾಯಿಗೆ ಹೋಗಿ, ಇಂಗ್ಲಿಷಿನವರ ಬಾಯಿಗೆ ಬಂದು ಕಾಂಜೀ ಆದದ್ದು.

ಬೆಳಿಗ್ಗೆ ಏಳಕ್ಕೇ ಹೋದೆವು. ಪ್ಲೇನ್ ಗಂಜಿ ಬರೀ ನೀರಿನದ್ದೇ ಎಂದು ಕೌಂಟರಿನವರು ಹೇಳಿದರು. ಪಕ್ಕದಲ್ಲಿ ಸಣ್ಣ ಸಣ್ಣ ಬಟ್ಟಲುಗಳಲ್ಲಿ ಒಣಮೀನು, ಉಪ್ಪು ಹಾಕಿದ ಮೊಟ್ಟೆ, ಹುರಿದ ಕಡಲೆಬೀಜ. ಚಮಚಗಳು ಅದರಿಂದ ಇದಕ್ಕೆ ಓಡಾಡುತ್ತವೆ. ಹಾಗಾಗಿ ಹೊಸ ಸೌಟು ಕೇಳಿದೆ, ಕೂಡಲೇ ತಂದರು. ಬಿಳಿ ಬಟ್ಟಲು, ಬಿಳಿ ಗಂಜಿ, ಮೇಲೆ ಹಬೆ. ನಮ್ಮ ಕುಚ್ಚಿಲಕ್ಕಿಯ ಹಾಗೆ ಕೆಂಪಿಲ್ಲ, ಅಗುಳು ಬಿಡಿಬಿಡಿಯಾಗಿಲ್ಲ, ಎಲ್ಲ ಕರಗಿ ಒಂದಾಗಿತ್ತು. ಅಮ್ಮ ಉಪ್ಪು ಹಾಕಿ ಕಲಸಿದರು. ಬದಿಯಡ್ಕದ ಪ್ಯಾಕೆಟನ್ನು ನಾನು ಹಲ್ಲಿನಲ್ಲಿ ಕಚ್ಚಿ ಹರಿದೆ. ಒಂದು ಮಿಡಿ ಬಟ್ಟಲಿನ ಅಂಚಿಗೆ ಬಿತ್ತು, ಅದರ ಕೆಂಪು ರಸ ಬಿಳಿ ಗಂಜಿಯೊಳಗೆ ನಿಧಾನ ಇಳಿಯಿತು. ಅಮ್ಮ ಮಿಡಿಯ ತುದಿಯನ್ನು ಕಚ್ಚಿ ಒಂದು ಚಮಚ ಗಂಜಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. "ಇದು ನಮ್ಮ ಗಂಜಿಯೇ ಅಲ್ಲದೋ ಕೂಸೇ!" ಎರಡು ಬಟ್ಟಲು ಉಂಡರು. ನಾನೂ ಎರಡು ಬಟ್ಟಲು ಉಂಡೆ. ಆ ಹಡಗಿನಲ್ಲಿ ಅದಕ್ಕಿಂತ ರುಚಿಯಾದ ಊಟ ಬೇರೆ ಯಾವುದೂ ನನಗೆ ಸಿಗಲಿಲ್ಲ.

ಫುಕೆಟ್‌ನಲ್ಲಿ ಬಿಸಿಲು ಜೋರಾಗಿತ್ತು, ಹೆಚ್ಚು ಸುತ್ತಲಿಲ್ಲ. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್ ಇಲ್ಲದ್ದು ಸಿಗುವುದು ಕಷ್ಟ. ಆದರೆ ಅಲ್ಲಿಯೂ ಒಂದು ದಾರಿ ಇದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಯಲ್ಲಿ 'ಜೇ' ಊಟ ಸಿಗುತ್ತದೆ. ಮೀನು, ಮಾಂಸ, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ನೀರುಳ್ಳಿಯೂ ಇಲ್ಲ. ಅಲ್ಲಿಯ ಚೀನೀ ಮೂಲದವರು ವರ್ಷಕ್ಕೊಮ್ಮೆ ಒಂಬತ್ತು ದಿನ ಹೀಗೇ ವ್ರತ ಮಾಡುತ್ತಾರೆ. ಅದನ್ನು ಕೇಳಿ ಅಮ್ಮ ನವರಾತ್ರಿಯ ಹಾಗೆ ಎಂದರು. ಅಂತಹ ಒಂದು ಸಣ್ಣ ಅಂಗಡಿಯಲ್ಲಿ ತೋಫು ಹಾಕಿದ ಅನ್ನ ತಿಂದು ವಾಪಸ್ ಬಂದೆವು.

ಆ ರಾತ್ರಿ ದಾಲ್, ಜೀರಾ ರೈಸ್, ಬಟಾಟೆ-ಹೂಕೋಸಿನ ಪಲ್ಯ ನಮ್ಮ ಮೇಜಿಗೆ ಬಂತು. ಕೊನೆಯ ದಿನ ಪೂರ್ತಿ ಕಡಲಿನಲ್ಲೇ. ರಾತ್ರಿ ಊಟಕ್ಕೆ ಕೂತಾಗ ಆ ಮಗ (ಅಮ್ಮ ಆಗಲೇ ಹಾಗೆ ಕರೆಯಲು ಶುರು ಮಾಡಿದ್ದರು) ಮುಚ್ಚಿದ ಸೂಪ್ ಬಟ್ಟಲು ತಂದಿಟ್ಟು ಏನೂ ಹೇಳದೆ ನಿಂತರು. ಅಮ್ಮ ಮುಚ್ಚಳ ತೆಗೆದರು. ಇಂಗು, ಕಾಳುಮೆಣಸು, ಕೊತ್ತಂಬರಿ ಸೊಪ್ಪು. ಮೇಲೆ ನಾಲ್ಕು ಸಾಸಿವೆ ತೇಲುತ್ತಿತ್ತು. ಸಾರು! ಗ್ಯಾಲಿಯಲ್ಲಿ ಆಂಧ್ರದ ಶೆಫ್ ಒಬ್ಬರು ಇದ್ದಾರೆ, ಅವರಿಗೆ ಹೇಳಿ ಬೆಳ್ಳುಳ್ಳಿ ಇಲ್ಲದೆ ಮಾಡಿಸಿದೆ ಎಂದರು.

ಅಮ್ಮ ಬಟ್ಟಲು ಮುಟ್ಟಲಿಲ್ಲ. ಮೊದಲು ಕೇಳಿದರು, "ನಿನ್ನ ಊಟ ಎಂತ ಮಗ, ಇಲ್ಲಿ?"

"ನಮಗೆ ಬೇರೆ ಅಡುಗೆ ಉಂಟು ಅಮ್ಮ, ಕೆಳಗೆ. ದಿನಾ ಅನ್ನ, ಪರಿಪ್ಪು. ಮೀನು ಕೂಡ." ಪರಿಪ್ಪು ಎಂದರೆ ಬೇಳೆಯ ತೊವ್ವೆ. ಒಂದು ಸಲ ಹತ್ತಿದರೆ ಆರೇಳು ತಿಂಗಳು ಇಳಿಯುವುದಿಲ್ಲವಂತೆ. ಪಾಲಕ್ಕುನ್ನಿನ ಭಗವತಿಯ ಭರಣಿ ಉತ್ಸವಕ್ಕೆ ಈ ಸಲವಾದರೂ ರಜೆ ಸಿಗಬೇಕು ಎಂದರು.

ಊರಿಗೆ ಬಂದು ಎರಡು ವಾರಕ್ಕೆ ಅಮ್ಮನೂ ನಾನೂ ಪಾಲಕ್ಕುನ್ನಿಗೆ ಹೋದೆವು. ದೇವಸ್ಥಾನದ ಹತ್ತಿರದ ಮನೆ, ದಾರಿ ಅವರೇ ಬರೆದು ಕೊಟ್ಟಿದ್ದರು. ಅಮ್ಮನ ಕೈಯಲ್ಲಿ ಕಡಲು ಸುತ್ತಿ ಬಂದ ಅದೇ ಹಪ್ಪಳದ ಕಟ್ಟು, ಭರಣಿಯಿಂದ ತೆಗೆದ ಒಂದು ಕುಪ್ಪಿ ಮಿಡಿ. ಅವರ ತಾಯಿ ಅಮ್ಮನ ಪ್ರಾಯದವರೇ. ಚಾ ಕೊಟ್ಟರು, ಫೋಟೋ ತೋರಿಸಿದರು. ಹಡಗು ಎಷ್ಟು ದೊಡ್ಡದು, ಏನೆಲ್ಲ ಉಂಟು ಅಂತ ಒಂದನ್ನೂ ಕೇಳಲಿಲ್ಲ. ಅಮ್ಮನ ಪಕ್ಕ ಬಂದು ಕೂತು ಮಲಯಾಳದಲ್ಲಿ ಮೆಲ್ಲಗೆ ಕೇಳಿದರು.

"ಅವನು ಅಲ್ಲಿ ಸರಿಯಾಗಿ ಉಣ್ಣುತ್ತಾನಾ?"

"ಉಣ್ಣುತ್ತಾನೆ" ಎಂದರು ಅಮ್ಮ. "ದಿನಾ ಅನ್ನ, ಪರಿಪ್ಪು. ನಾನೇ ಕೇಳಿದ್ದೇನೆ."